ರಂಗಣ್ಣನ ಹುಣ್ಣಿಗೆ ನನ್ನ ಜಾಜಿ ಎಲೆ

ಮನೆಮದ್ದು ಹಂಚುವ ಚಟ ನಿಮಗೂ ಇದ್ದರೆ ಸ್ವಲ್ಪ ಕೇಳಿ, ಗೆಳೆಯರೇ. ಪೀಣ್ಯದ ನಮ್ಮ ಕಾರ್ಖಾನೆಗೆ ಇವತ್ತು ಹಲ್ಲಿನ ಡಾಕ್ಟರು ತಪಾಸಣೆಗೆ ಬಂದಿದ್ದರು. ಲೇತ್ ಮಿಷಿನ್ನಿನ ರಂಗಣ್ಣನನ್ನು ನಾನೇ ಎಳೆದುಕೊಂಡು ಹೋದೆ. ಅವರ ಕೆನ್ನೆಯೊಳಗಿನ ಹುಣ್ಣಿಗೆ ನಾಲ್ಕು ತಿಂಗಳಿಂದ ನಮ್ಮ ಮನೆಯ ಜಾಜಿ ಎಲೆ ತಂದುಕೊಡುತ್ತಿರುವವಳೂ ನಾನೇ. ಡಾಕ್ಟರು ಭೇಷ್ ಅನ್ನುತ್ತಾರೆಂದೇ ಅಂದುಕೊಂಡಿದ್ದೆ.

ಅವರು ಟಾರ್ಚ್ ಹಾಕಿ ನೋಡಿ, "ತಂಬಾಕು ಬಿಟ್ಟಿಲ್ವಾ?" ಎಂದರು.

"ಯಾಕ್ ಬಿಡ್ಲಿ ಸಾರ್? ಅಕ್ಕ ಕೊಡೋ ಎಲೆ ಅಗಿದ್ರೆ ಉರಿ ಓಗ್ತದೆ. ಆಮೇಲೆ ತಂಬಾಕು ಆರಾಮಾಗಿ ಇಟ್ಕೊಬೋದು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. "ಎರಡು ವಾರದಲ್ಲಿ ವಾಸಿಯಾಗ್ದಿದ್ರೆ ತೋರಿಸ್ಬೇಕಿತ್ತು" ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಂತೆ.

ರಂಗಣ್ಣನ ಜೇಬಿನ ತಂಬಾಕು ನನಗೆ ದಿನವೂ ಕಾಣುತ್ತಿತ್ತು. ಅವರು ಹಿರಿಯರು, ತಂಬಾಕು ಬಿಡಿ ಎನ್ನಲು ಸಂಕೋಚ. ಎಲೆ ಕೊಡಲು ಮಾತ್ರ ಯಾವ ಸಂಕೋಚವೂ ಇರಲಿಲ್ಲ.

ಸಂಜೆ ರಂಗಣ್ಣ ಗೇಟಿನ ಹತ್ತಿರ ಕರೆದು ಕೇಳಿದರು: "ಅಕ್ಕ, ಆಸ್ಪತ್ರೆಗೆ ಸೋಮವಾರ ಓಗ್ಬೇಕು. ಅಲ್ಲೀಗಂಟ ಎಲೆ ತಂದ್ಕೊಡ್ತೀರಲ್ವಾ?"

ಜಾಜಿ ಎಲೆಯದೇನೂ ತಪ್ಪಿಲ್ಲ. ಉರಿ ಕಳೆಯುವುದು ಅದರ ಕೆಲಸ, ಕಳೆದಿದೆ. ಗದರುವುದು ನನ್ನ ಕೆಲಸವಾಗಿತ್ತು, ಗದರಲಿಲ್ಲ.