ಬಾಟಲಿ ಕೆಟ್ಟದ್ದು ನಿನ್ನ ಕೈಯಿಂದಲ್ಲ

ಜಯಂತಿ, ಆ ಬಾಟಲಿಗಳನ್ನು ಕೆಡಿಸಿದವಳು ನಾನು. ನಿನ್ನ ಕೈಗುಣವಲ್ಲ — ನಾನು. ಈ ಕಾಗದ ಬರೆಯಲು ಬೆಳಿಗ್ಗೆಯಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಒಲೆಯ ಮೇಲೆ ಹಾಲಿಟ್ಟು ಮರೆತೆ, ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ಬರೆದು ಮುಗಿಸದಿದ್ದರೆ ಇವತ್ತು ಇನ್ನೇನು ಮಾಡುತ್ತೇನೋ.

ನೀನು ನನ್ನ ಮೈದುನನನ್ನು ಮದುವೆಯಾಗಿ ಮುಂಬಯಿಗೆ, ಮಲಾಡಿನ ಚಾಳಿನ ನಮ್ಮ ಮನೆಗೆ ಬಂದ ಮೊದಲ ವರ್ಷ ಅದು. ಅನಾನಸಿನ ಹೋಳುಗಳಿಗೆ ಸಕ್ಕರೆ ಸುರಿದು, ಕೆಂಪು ಮೆಣಸು ಜಜ್ಜಿ ಹಾಕಿ ನೀನು ಮುರಬ್ಬ ಮಾಡಿದೆ. ಮೊದಲು ಸಿಹಿ, ಆಮೇಲೆ ಕಿವಿಯವರೆಗೆ ಖಾರ. ಅತ್ತೆ ಕೇಳಿ ಕೇಳಿ ಬಡಿಸಿಕೊಂಡರು. ನನ್ನ ಅಡುಗೆಗೆ 'ಅಡ್ಡಿಲ್ಲ' ಎನ್ನುವುದರಾಚೆ ಎಂದೂ ಬಾಯಿಬಿಡದ ಅತ್ತೆ. ನನಗೆ ಹೊಟ್ಟೆ ಉರಿಯಿತು — ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಚೌತಿಗೆಂದು ಚಾಳಿನ ಹೆಂಗಸರೆಲ್ಲ ನಿನ್ನ ಮುರಬ್ಬ ಕೇಳಿದರು. ನೀನು ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿದು, ಕೆಡದಿರಲೆಂದು ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟೆ. "ಅಕ್ಕ, ನಾನು ಮಾರ್ಕೆಟಿಗೆ ಹೋಗಿ ಬರ್ತೇನೆ. ಸರಿ ಅರ್ಧ ಗಂಟೆ ಕುದೀಲಿ, ಅಷ್ಟರವರೆಗೆ ತೆಗೀಬೇಡಿ ಆಯ್ತಾ?" ಎಂದು ಹೇಳಿಯೇ ಹೋದೆ. ನೀನು ಮೆಟ್ಟಿಲಿಳಿದದ್ದೇ ತಡ, ನಳದಲ್ಲಿ ನೀರು ಬಂತು — ಹೊತ್ತಲ್ಲದ ಹೊತ್ತಿನಲ್ಲಿ. ಹಿಂದಿನ ದಿನ ಒಂದು ತೊಟ್ಟೂ ಬಂದಿರಲಿಲ್ಲ. ಕೊಡ, ಬಕೆಟ್ ಎಲ್ಲ ತುಂಬಿದರೂ ಮನೆಗೆ ಸಾಲದು. ದೊಡ್ಡ ಪಾತ್ರೆ ಇದ್ದದ್ದು ಅದೊಂದೇ. ನೀರು ಕುದಿಯುವ ಮೊದಲೇ ಬಾಟಲಿಗಳನ್ನು ಎತ್ತಿ ಒರೆಸಿಟ್ಟೆ. ಪಾತ್ರೆಯ ನೀರನ್ನು ಮೋರಿಗೆ ಚೆಲ್ಲಿ ನಳಕ್ಕೆ ಓಡಿದೆ. ನೀನು ಬಂದು "ಕುದಿಯಿತಾ ಅಕ್ಕ?" ಎಂದಾಗ ಹೂಂ ಎಂದೆ.

ಚೌತಿಯ ಹೊತ್ತಿಗೆ ಮುಚ್ಚಳಗಳು ಉಬ್ಬಿದ್ದವು. ಒಂದನ್ನು ತೆರೆದದ್ದೇ ನೊರೆ ಉಕ್ಕಿತು, ಹುಳಿ ನಾತ ಬಾಗಿಲಾಚೆಗೂ ಹೋಯಿತು. ಬಾಟಲಿ ಒಯ್ಯಲು ಬಂದ ಹೆಂಗಸರ ಎದುರೇ ಅತ್ತೆ ಹೇಳಿದರು, "ಕೆಲವರ ಕೈಗುಣವೇ ಹಾಗೆ ಮಾರಾಯ್ತಿ. ಇನ್ನು ನೀನು ಬಾಟಲಿ, ಭರಣಿ ಎಂತದೂ ಮುಟ್ಟುವುದು ಬೇಡ."

ನೀನು ನನ್ನ ಕಡೆ ನೋಡಿದೆ. "ಅಕ್ಕ, ಸರಿ ಕುದ್ದಿತ್ತಲ್ವಾ?"

ನಾನು ಮತ್ತೆ ಹೂಂ ಎಂದೆ. ನೀನು ನನ್ನನ್ನು ನಂಬಿದೆ — ನನ್ನನ್ನು ನಂಬಿದ್ದರಿಂದಲೇ ನಿನ್ನ ಕೈಯನ್ನು ನಂಬುವುದು ಬಿಟ್ಟೆ.

ಆಮೇಲೆ ಮನೆಯ ಉಪ್ಪಿನಕಾಯಿಯೆಲ್ಲ ನನ್ನದೇ. ನೀನು ಮಾವಿನಕಾಯಿ ಹೆಚ್ಚಿಕೊಟ್ಟು ದೂರ ಕೂರುತ್ತಿದ್ದೆ. ಅತ್ತೆ ತೀರಿಕೊಂಡ ಮೇಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ನೀವು ದಹಿಸರಿಗೆ ಹೋದಿರಿ. ಇನ್ನು ಯಾಕೆ ಕೆದಕುವುದು ಎಂದುಕೊಂಡೆ. ನೀನು ಮರೆತಿರುತ್ತೀ ಎಂದೂ —

ಮೊನ್ನೆ ಭಾನುವಾರ ನಿಮ್ಮ ಮನೆಗೆ ಬಂದರೆ ರಶ್ಮಿ ಅನಾನಸು ಹೆಚ್ಚಿ, ಬಾಟಲಿ ಜೋಡಿಸಿ ಕೂತಿದ್ದಳು. ಅಮ್ಮನ ಮುರಬ್ಬ ಒಮ್ಮೆಯೂ ತಿನ್ನದ ಮಗಳು, ಅಪ್ಪ ಹೇಳಿದ್ದನ್ನು ಕೇಳಿಯೇ ಆಸೆಪಟ್ಟವಳು. ನೀನು ಅಡುಗೆಮನೆಯ ಬಾಗಿಲಲ್ಲೇ ನಿಂತು ಎಷ್ಟು ಸಕ್ಕರೆ, ಎಷ್ಟು ಮೆಣಸು ಎಂದು ಹೇಳುತ್ತಿದ್ದೆ, ಒಳಗೆ ಕಾಲಿಡಲಿಲ್ಲ.

"ನಾನು ಮುಟ್ಟಿದ್ರೆ ಕೆಡ್ತದೆ ಮಗಾ. ದೊಡ್ಡಮ್ಮ ತುಂಬಿಸ್ಲಿ, ಅವರ ಕೈ ಒಳ್ಳೇದು."

ರಶ್ಮಿ ನನ್ನತ್ತ ತಿರುಗಿದಳು. "ದೊಡ್ಡಮ್ಮ, ಮಮ್ಮಿಗೆ ನೀವು ಹೇಳಿ ನಾ. ಯೇ ಸಬ್ ಅಬ್ ಕೌನ್ ಮಾನ್ತಾ ಹೈ? ಕೈಗುಣ ಅಂತೆಲ್ಲ ಈಗ ಯಾರು ನಂಬ್ತಾರೆ?"

ಹೇಳಬೇಕಾದದ್ದು ಆಗಲೇ. ಅವಳೇ ಕೇಳಿದ್ದಳು, ನೀನೂ ಎದುರಿಗಿದ್ದೆ. ನಾನು ಸೌಟು ತೆಗೆದುಕೊಂಡು ಬಾಟಲಿ ತುಂಬಿಸತೊಡಗಿದೆ. ನೀನು ಬಾಗಿಲಿನಿಂದಲೇ ಮೆಚ್ಚಿಕೊಂಡು ನೋಡುತ್ತಿದ್ದೆ. ಅಂದು ಹೂಂ ಎಂದದ್ದು ಹೊಟ್ಟೆಕಿಚ್ಚಿಗೆ ಎನ್ನೋಣ. ಮೊನ್ನೆಯದಕ್ಕೆ ಏನೆನ್ನಲಿ — ನನ್ನ ಕೈ ಒಳ್ಳೆಯದು ಎಂದು ನಿನ್ನ ಬಾಯಲ್ಲಿ ಕೇಳುವುದು ನನಗೆ ಇನ್ನೂ ಬೇಕಿತ್ತೇ?

ನಾಳೆ ಈ ಕಾಗದವನ್ನು ನಾನೇ ಹಿಡಿದು ದಹಿಸರಿಗೆ ಬರುತ್ತೇನೆ. ಅತ್ತೆ ನಿನ್ನನ್ನು ಅಂದದ್ದು ಹೆಂಗಸರೆಲ್ಲರ ಎದುರು. ನಾನೂ ನಿನ್ನ ಮಗಳೆದುರೇ ಹೇಳಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ಬೈ, ಮಾತು ಬಿಡು, ಇನ್ನು ನಮ್ಮ ಮನೆಗೆ ಬರಬೇಡಿ ಎನ್ನು. ಆದರೆ ಆ ಅಡುಗೆಮನೆಯ ಬಾಗಿಲು ದಾಟಿ ಒಳಗೆ ಹೋಗು, ಜಯಂತಿ.