ಬಸವಂತಮ್ಮನ ಹಗುರ ಗಂಟು

ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಪೋತ್ನಾಳದ ಮಂದಿ ಪಾದಯಾತ್ರೆಯ ಗಂಟು ಕಟ್ಟತೊಡಗಿದರೆಂದರೆ ಮುದುಕಿ ಬಸವಂತಮ್ಮನ ದರ್ಬಾರು ಶುರುವಾಯಿತೆಂದೇ ಲೆಕ್ಕ. ಎಲ್ಲರ ಗಂಟನ್ನೂ ಕಿರುಬೆರಳಲ್ಲಿ ಎತ್ತಿ ನೋಡುವಳು. ಏಳದಿದ್ದರೆ ಅಂಗಳದಲ್ಲೇ ಬಿಚ್ಚಿ ಸುರಿಯುವಳು. “ರೇಡಿಯೋ ಯಾಕಪ್ಪಾ ಮಹಾಂತಯ್ಯ? ದಾರಿ ತುಂಬ ಭಜನಿ ಇರ್ತದ. ಇಲ್ಲಿ ತೊಲಿ ಭಾರ ಇದ್ದದ್ದು ಕಾಡಿನ ಏರಿನ್ಯಾಗ ಮಣ ಆಗ್ತದ!” ತಾನಂತೂ ಬಾಚಣಿಗೆಯನ್ನು ಮುರಿದು ಅರ್ಧವನ್ನೇ ಒಯ್ಯುವವಳು, ಸಾಬೂನನ್ನು ದಾರದಿಂದ ಕೊಯ್ದು ಚೂರು ಮಾಡುವವಳು, ಸೆರಗನ್ನೇ ಹೊದಿಕೆ, ಟವೆಲು, ಜೋಳಿಗೆ ಮಾಡಿಕೊಳ್ಳುವವಳು, ಸಾಧ್ಯವಾಗಿದ್ದರೆ ನೆರಳನ್ನೂ ಅರ್ಧ ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಈ ಸಲ ರೇಡಿಯೋ ಕಳೆದುಕೊಂಡ ಸಿಟ್ಟಿಗೆ ಮಹಾಂತಯ್ಯ ಅವಳ ಗಂಟನ್ನೇ ಎತ್ತಲು ಹೋದ. ಎರಡೂ ಕೈ ಬೇಕಾದವು. ಬಿಚ್ಚಿದರೆ ಹೊಸ ಇಳಕಲ್ ಸೀರೆ, ಹಸಿರು ಬಳೆ, ಕೊಬ್ಬರಿ ಬಟ್ಟಲು, ತಲೆಯಷ್ಟು ದೊಡ್ಡ ಬೆಲ್ಲದ ಹೆಂಟೆ. ಶ್ರೀಶೈಲದ ಮಲ್ಲಯ್ಯನ ಮಡದಿ ಭ್ರಮರಾಂಬೆ ಈ ಸೀಮೆಯವರಿಗೆಲ್ಲ ಮನೆಮಗಳೇ ತಾನೇ. “ಇದೇನಬೇ ಯವ್ವಾ, ಇಷ್ಟು ಭಾರ?” ಎಂದ. ಹೊಟ್ಟೆಯಲ್ಲಿ ಒಂದು ಕೂಸೂ ಹುಟ್ಟದ ಬಸವಂತಮ್ಮ ಗಂಟನ್ನು ಕಸಿದು ತಲೆಗೇರಿಸಿಕೊಂಡು, ಎಲ್ಲರಿಗಿಂತ ಮುಂದೆ ನಡೆದೇಬಿಟ್ಟಳು. “ಮಗಳ ಮನಿಗೆ ಖಾಲಿ ಕೈಲೆ ಹೋದ್ರ ಅಳಿಯ ಏನಂದಾನು?”