ಪಿಸುಮಾತಿನ ಕೊನೆಯ ಸಾಲು

ಫ್ರಾಂಕ್‌ಫರ್ಟ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಯಹೂದಿ ಅಜ್ಜಿ ಇದ್ದರು. ಸೋವಿಯತ್ ದೇಶ ಒಡೆದ ಮೇಲೆ ಅಲ್ಲಿಂದ ಬಂದವರು. ನಾನೂ ನನ್ನ ಗಂಡನೂ ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಉಡುಪಿಯಿಂದ ಹೋಗಿ ಎರಡು ವರ್ಷವಾಗಿತ್ತು. ಅಜ್ಜಿಯ ಜರ್ಮನ್ ನನ್ನದರಷ್ಟೇ ಕುಂಟುತ್ತಿದ್ದುದರಿಂದ ನಮ್ಮಿಬ್ಬರಿಗೆ ಮಾತು ಚೆನ್ನಾಗಿ ಸಾಗುತ್ತಿತ್ತು.

ಅವರಿಗೆ ಒಂದೇ ಆಸೆ. ಚಿಕ್ಕಂದಿನಲ್ಲಿ, ಯಹೂದಿ ಹೊಸವರ್ಷದಿಂದ ಉಪವಾಸದ ದಿನದವರೆಗೆ, ಅವರ ತಾತ ಸರಕಾರಕ್ಕೆ ಹೆದರಿ ಕಿಟಕಿ ಮುಚ್ಚಿ ಗೋಡೆಗೆ ಮುಖ ಮಾಡಿ ಒಂದು ಪ್ರಾರ್ಥನೆ ಹೇಳುತ್ತಿದ್ದರಂತೆ. ಪ್ರತಿ ಸಾಲೂ ದೇವರನ್ನು ತಂದೆಯೆಂದು, ಅರಸನೆಂದು ಕರೆದೇ ಶುರುವಾಗುತ್ತಿತ್ತು. ತಪ್ಪೊಪ್ಪಿಕೊಂಡು ಕ್ಷಮೆ ಬೇಡುತ್ತಿತ್ತು. ಎಲ್ಲ ಸಾಲುಗಳೂ ಕೇಳಿಸುತ್ತಿದ್ದವು, ಕೊನೆಯದನ್ನು ಬಿಟ್ಟು. ಅದನ್ನು ತಾತ ಪಿಸುಗುಡುತ್ತಿದ್ದರು. ಯುದ್ಧಕ್ಕೆ ಹೋದ ಅಪ್ಪ ತಿರುಗಿ ಬಂದಿರಲಿಲ್ಲ. ಆ ಸಾಲಿನಲ್ಲಿ ತಾತ ಅಪ್ಪನ ಹೆಸರು ಹಿಡಿದು ಬೇಡುತ್ತಾರೆಂದು ಹುಡುಗಿ ನಂಬಿಬಿಟ್ಟಳು. ತಾತ ತೀರಿಕೊಂಡ ಮೇಲೆ ಮನೆಯಲ್ಲಿ ಪ್ರಾರ್ಥಿಸುವವರೇ ಇರಲಿಲ್ಲ. ಮಾತುಗಳು ಮರೆತುಹೋದವು, ರಾಗ ಉಳಿಯಿತು. ಈಗ ಮ್ಯೂನಿಕ್‌ನ ತಂಗಿಯ ಮಗಳು ಅವರನ್ನು ತನ್ನ ಮನೆಗೆ ಕರೆದಿದ್ದಳು. ಹೋಗುವ ಮುಂಚೆ ಒಮ್ಮೆ ಆ ಪ್ರಾರ್ಥನೆಯನ್ನು ಪೂರ್ತಿಯಾಗಿ ಕೇಳಬೇಕು. ಪುಸ್ತಕದಲ್ಲಿ ಓದುವುದು ಅವರಿಗೆ ಬೇಡ, ಕಿವಿಯಲ್ಲೇ ಕೇಳಬೇಕು.

ಅದನ್ನು ನಾನು ನನ್ನ ಕೆಲಸವೆಂದು ತೆಗೆದುಕೊಂಡೆ. ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಕಾಗದದಲ್ಲಿ ಬರೆದಿಟ್ಟರೆ ಕೆಲಸ ಮುಗಿದಂತೆಯೇ. ಆ ಸಲ ಹೊಸವರ್ಷ ಶನಿವಾರ ಬಂದಿತ್ತು, ಆಫೀಸಿಗೆ ರಜೆ. ಶನಿವಾರ ಸಿನಗಾಗ್, ಭಾನುವಾರ ಹನ್ನೊಂದರ ರೈಲಿಗೆ ಮ್ಯೂನಿಕ್ ಎಂದು ಬರೆದೆ.

ಶನಿವಾರ ಆ ಯಹೂದಿ ಪ್ರಾರ್ಥನಾಮಂದಿರದ ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಿ, ಮಹಡಿಯ ಮೇಲೆ ಹೆಂಗಸರ ಸಾಲಿನಲ್ಲಿ ಕುಳಿತೆವು. ಮೂರು ಗಂಟೆ ಕಳೆಯಿತು. ಕೆಳಗೆ ಗಂಡಸರು ಶಾಲು ಮಡಚತೊಡಗಿದರು. ಪ್ರಾರ್ಥನೆ ಬರಲೇ ಇಲ್ಲ. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ.

“ಇವತ್ತು ಶನಿವಾರ. ವಿಶ್ರಾಂತಿಯ ದಿನ ನಾವು ದೇವರ ಮುಂದೆ ಅಂಗಲಾಚುವುದಿಲ್ಲ,” ಎಂದಳು. “ನಾಳೆ ಬನ್ನಿ, ನಾಳೆ ಉಂಟು.”

ಪ್ರಾರ್ಥನೆ ಹೇಳುವ ಆ ಹತ್ತು ದಿನಗಳಲ್ಲಿ, ಅದನ್ನು ಹೇಳದ ದಿನವನ್ನೇ ಹುಡುಕಿ ಆರಿಸಿದ್ದೆ.

“ಪರವಾಗಿಲ್ಲ, ರಾಗ ನೆನಪಿದೆಯಲ್ಲ,” ಎಂದರು ಅಜ್ಜಿ. ಆದರೆ ಕಟಕಟೆ ಹಿಡಿದ ಕೈ ಬಿಡಲಿಲ್ಲ.

ಆ ಹೆಂಗಸಿಗೆ ಮರುಕವಾಗಿರಬೇಕು. ಮೆಟ್ಟಿಲಿಳಿಯುವಾಗ ಪ್ರಾರ್ಥನೆ ಹುಟ್ಟಿದ ಕಥೆ ಹೇಳಿದಳು. ಬಹಳ ಹಿಂದೆ ಮಳೆ ಬಾರದೆ ಹೋಗಿತ್ತು. ಒಬ್ಬ ಹಿರಿಯ ಉದ್ದುದ್ದ ಪ್ರಾರ್ಥಿಸಿದರೂ ಮೋಡ ಬರಲಿಲ್ಲ. ಇನ್ನೊಬ್ಬ ಎದ್ದು ನಿಂತು, ತಂದೆಯೇ, ಅರಸನೇ ಎಂದು ಒಂದೆರಡು ಸಾಲು ಹೇಳಿದ, ಮಳೆ ಸುರಿಯಿತು. ಆಮೇಲೆ ಒಂದೊಂದು ತಲೆಮಾರು ತನ್ನ ತನ್ನ ಕಷ್ಟಕ್ಕೆ ಸಾಲು ಸೇರಿಸುತ್ತ ಬಂತು. ಒಂದೊಂದು ಊರಿನ ಪುಸ್ತಕದಲ್ಲಿ ಸಾಲುಗಳ ಲೆಕ್ಕ ಬೇರೆಯಂತೆ.

ಮನೆಗೆ ಬಂದರೆ ಗಂಡನ ನಗು. “ಎಂತ ಮಾರಾಯ್ತಿ, ರಜೆ ನೋಡಿ ದೇವರ ಕೆಲಸ ಇಟ್ಟುಕೊಂಡದ್ದಾ? ಅವನಿಗೂ ಶನಿವಾರ ರಜೆ!”

“ನಗ್ಬೇಡಿ. ನಾಳೆ ಹನ್ನೊಂದರ ಟ್ರೈನು ಬಿಡ್ತೇವೆ. ಮಧ್ಯಾಹ್ನದ್ದಕ್ಕೆ ಹೋಗುವುದು.”

“ನೀನಾ? ಟ್ರೈನು ಬಿಡುವುದಾ? ಜ್ವರ ಉಂಟಾ ನೋಡು.”

ಭಾನುವಾರ ಪವಿತ್ರ ಸುರುಳಿಗಳ ಕಪಾಟು ತೆರೆಯಿತು. ಎಲ್ಲರೂ ಎದ್ದು ನಿಂತರು. ಮೊದಲ ಸಾಲು ಬಂದಾಗ ಅಜ್ಜಿಯ ತುಟಿ ಅಲುಗಿತು. ಮರೆತಿದ್ದ ಮಾತುಗಳು ಅರ್ಧರ್ಧ ತಿರುಗಿ ಬರುತ್ತಿದ್ದವು. ಕೊನೆಗೆ ಅಷ್ಟು ದೊಡ್ಡ ಸಭೆಯ ಧ್ವನಿ ಒಮ್ಮೆಲೇ ಪಿಸುಮಾತಿಗೆ ಇಳಿಯಿತು. ಏನೂ ಕೇಳಿಸಲಿಲ್ಲ. ಅಜ್ಜಿ ನಿನ್ನೆಯ ಹೆಂಗಸಿನ ತೋಳು ಹಿಡಿದುಕೊಂಡರು. ಅವಳು ಬಗ್ಗಿ ಅವರ ಕಿವಿಯಲ್ಲಿ ಆ ಸಾಲನ್ನು ರಷ್ಯನ್‌ನಲ್ಲಿ ಹೇಳಿದಳು. ನನ್ನ ತಮ್ಮನ ಉಪನಯನದಲ್ಲಿ ಅಪ್ಪ ಬಟ್ಟೆಯ ಮರೆಯಲ್ಲಿ ಅವನ ಕಿವಿಗೆ ಮಂತ್ರ ಹೇಳುವಾಗ ನಾನು ಆಚೆ ನಿಂತಿದ್ದೆ. ಆ ಬಟ್ಟೆಯೊಳಗೆ ತಲೆ ತೂರಿಸುವ ಆಸೆ ನನ್ನಲ್ಲಿ ಇನ್ನೂ ಹೋಗಿಲ್ಲವೆಂದು ಅವತ್ತು ಗೊತ್ತಾಯಿತು.

ಮಧ್ಯಾಹ್ನದ ರೈಲು ಹತ್ತಿದೆವು. ನಾನೇ ಕೇಳಿದೆ, “ಏನಂತೆ ಆ ಸಾಲು?”

“ತೋರಿಸಲು ನಮ್ಮಲ್ಲಿ ಒಳ್ಳೆಯ ಕೆಲಸ ಒಂದೂ ಇಲ್ಲ, ಆದರೂ ಕರುಣೆ ಇಡು ಅಂತ. ಎಲ್ಲರಿಗೂ ಅದೇ ಸಾಲು.” ಕಿಟಕಿಯತ್ತ ತಿರುಗಿ ಹೇಳಿದರು, “ಅಪ್ಪನ ಹೆಸರು ಇಲ್ಲ.”

ಈ ಎರಡನೆಯ ದಿನವನ್ನು ಹೊಂದಿಸಿದವಳೂ ನಾನೇ. ಬೆಳಿಗ್ಗೆ ರೈಲು ಹತ್ತಿಸಿದ್ದರೆ ಆ ಹೆಸರು ಅವರ ಬಳಿ ಉಳಿಯುತ್ತಿತ್ತು.

“ಎಲ್ಲರೂ ಸಾಲು ಸೇರಿಸಿದ್ದಾರಂತಲ್ಲ,” ಎಂದರು ಅಜ್ಜಿ, ನನ್ನ ಮುಖ ನೋಡದೆ. “ತಾತನೂ ಒಂದು ಸೇರಿಸಿರಬಹುದಾ? ಅಷ್ಟು ಮೆಲ್ಲಗೆ ಹೇಳಿದ್ದನ್ನು ಯಾರು ಕೇಳಿದ್ದಾರೆ?”

ಬರಹದಲ್ಲಿ ಇಲ್ಲದ್ದಕ್ಕೆ ನಾನು ಎಂದೂ ಹೌದು ಎಂದವಳಲ್ಲ.

“ಸೇರಿಸಿಯೇ ಇರುತ್ತಾರೆ,” ಎಂದೆ.

“ಹೆಸರು ಹಿಡಿದು?”

“ಹೆಸರು ಹಿಡಿದು.”